ವಾದ ಮತ್ತು ವಿವೇಕ

ಚರ್ಚಾಸ್ಪರ್ಧೆಯಲ್ಲಿ ಗಟ್ಟಿಯಾಗಿ ಕೂಗಿದವರೇ ಗೆದ್ದರೆಂದು ಭಾವಿಸುವವರುಂಟು. ಆದರೆ ವಾದವೆಂದರೆ ಕೂಗಾಟವಲ್ಲ. ಗೌತಮನ ನ್ಯಾಯಸೂತ್ರಗಳು ಚರ್ಚೆಯನ್ನು ಮೂರು ಬಗೆಯಾಗಿ ವಿಂಗಡಿಸಿವೆ. ಪ್ರಮಾಣ ಮತ್ತು ತರ್ಕಗಳಿಂದ ಸತ್ಯವನ್ನು ಅರಸುವುದು ವಾದ. ಗೆಲ್ಲುವುದಕ್ಕಾಗಿ ಕುಯುಕ್ತಿಗಳನ್ನೂ ಬಳಸುವುದು ಜಲ್ಪ. ಸ್ವಂತ ಪಕ್ಷವನ್ನು ಸ್ಥಾಪಿಸದೆ ಎದುರಾಳಿಯನ್ನು ಖಂಡಿಸುವುದಷ್ಟೇ ವಿತಂಡ. ನಮ್ಮ ಶಾಸ್ತ್ರಕಾರರು ಎದುರಾಳಿಯ ಅಭಿಪ್ರಾಯವನ್ನು ಪೂರ್ವಪಕ್ಷವಾಗಿ ಮೊದಲು ನಿರೂಪಿಸಿ, ಆ ಬಳಿಕವೇ ತಮ್ಮ ಸಿದ್ಧಾಂತವನ್ನು ಮಂಡಿಸುತ್ತಿದ್ದರು. ಎದುರಾಳಿಯ ಮಾತಿಗೆ ನೇರವಾಗಿ ಉತ್ತರ ಕೊಡುವುದರ ಬೆಲೆ ಎಷ್ಟೆಂಬುದನ್ನು ಪ್ರಾಚೀನ ಗ್ರೀಸ್ ದೇಶದ ಒಂದು ಘಟನೆ ತೋರಿಸಿಕೊಡುತ್ತದೆ.

ಕ್ರಿ.ಪೂ. 428ರಲ್ಲಿ ಲೆಸ್ಬಾಸ್ ದ್ವೀಪದ ಮಿಟಿಲೀನ್ ನಗರವು ಅಥೆನ್ಸಿನ ವಿರುದ್ಧ ದಂಗೆಯೆದ್ದಿತು. ಮರುವರ್ಷ ಅದು ಶರಣಾದಾಗ, ಕೋಪಾವಿಷ್ಟರಾದ ಅಥೆನ್ಸಿನ ಪ್ರಜೆಗಳು ಸಭೆ ಸೇರಿ, ಆ ನಗರದ ವಯಸ್ಕ ಪುರುಷರೆಲ್ಲರನ್ನೂ ಕೊಲ್ಲಬೇಕೆಂದೂ ಸ್ತ್ರೀಯರನ್ನೂ ಮಕ್ಕಳನ್ನೂ ಗುಲಾಮರನ್ನಾಗಿ ಮಾಡಬೇಕೆಂದೂ ನಿರ್ಣಯಿಸಿದರು. ಆಜ್ಞೆಯನ್ನು ಹೊತ್ತ ಹಡಗು ಕೂಡಲೇ ಹೊರಟಿತು. ರಾತ್ರಿ ಕಳೆಯುವಷ್ಟರಲ್ಲಿ ಜನರ ಮನಸ್ಸು ಅಳುಕಿತು. ಮರುದಿನ ಸಭೆ ಮತ್ತೆ ಸೇರಿತು.

ನಿರ್ಣಯವನ್ನು ಬದಲಿಸುವುದು ದೌರ್ಬಲ್ಯವೆಂದೂ ದಯೆ ತೋರಿದರೆ ಇತರ ನಗರಗಳೂ ದಂಗೆಯೇಳುವುವೆಂದೂ ಕ್ಲಿಯಾನ್ ಎಂಬ ಪ್ರಬಲ ನಾಯಕನು ವಾದಿಸಿದನು. ಅವನಿಗೆ ಉತ್ತರವಿತ್ತವನು ಡಯೊಡೋಟಸ್. ಅವನು ಅಪರಾಧವನ್ನು ಸಮರ್ಥಿಸಲಿಲ್ಲ. ಕರುಣೆಯನ್ನು ಬೇಡಲೂ ಇಲ್ಲ. ಅಥೆನ್ಸಿಗೆ ಹಿತ ಯಾವುದೆಂಬ ಪ್ರಶ್ನೆಯನ್ನೇ ಕೈಗೆತ್ತಿಕೊಂಡನು. ಮರಣದಂಡನೆಯ ಭಯವು ಮನುಷ್ಯರ ದುಸ್ಸಾಹಸವನ್ನು ತಡೆಯಲಾರದು. ಶರಣಾದರೂ ಸಾವು ತಪ್ಪದೆಂದು ತಿಳಿದ ನಗರವು ಕೊನೆಯವರೆಗೂ ಹೋರಾಡುವುದು. ಆಗ ಅಥೆನ್ಸಿಗೆ ದಕ್ಕುವುದು ಕಪ್ಪ ಸಲ್ಲಿಸಲಾರದ ಹಾಳೂರು ಮಾತ್ರ. ಆಯುಧ ಕೈಗೆ ಬಂದೊಡನೆ ನಗರವನ್ನು ಒಪ್ಪಿಸಿದ ಸಾಮಾನ್ಯ ಜನರನ್ನೂ ಕೊಂದರೆ, ಬೇರೆ ನಗರಗಳಲ್ಲಿರುವ ಮಿತ್ರರೂ ಶತ್ರುಗಳಾಗುವರು. ಇದು ಅವನ ವಾದದ ಸಾರ.

ಕೈಯೆತ್ತಿ ಮತ ನೀಡಿದಾಗ ಎರಡು ಪಕ್ಷಗಳೂ ಹೆಚ್ಚು ಕಡಿಮೆ ಸಮವಾಗಿದ್ದವು. ಆದರೂ ಡಯೊಡೋಟಸನ ಪಕ್ಷವೇ ಗೆದ್ದಿತು. ಎರಡನೆಯ ಹಡಗು ಹೊರಡುವ ವೇಳೆಗೆ ಮೊದಲನೆಯದು ಸುಮಾರು ಒಂದು ಹಗಲು ಒಂದು ರಾತ್ರಿಯಷ್ಟು ಮುಂದಿತ್ತು. ಅಂಬಿಗರು ಹುಟ್ಟು ಹಾಕುತ್ತಲೇ ಉಂಡು, ಸರದಿಯ ಮೇಲೆ ಮಲಗಿ ಸಾಗಿದರು. ಸೇನಾಪತಿಯು ಮೊದಲ ಆಜ್ಞೆಯನ್ನು ಓದಿ, ಅದನ್ನು ನೆರವೇರಿಸಲು ಅಣಿಯಾಗುತ್ತಿದ್ದಾಗ ಆ ಹಡಗು ದಡ ಸೇರಿತು. ದಂಗೆಯ ಮುಖಂಡರು ಮರಣದಂಡನೆಗೆ ಗುರಿಯಾದರು. ಆದರೆ ಊರಿನ ಉಳಿದ ಜನರ ಪ್ರಾಣ ಉಳಿಯಿತು. ಈ ವೃತ್ತಾಂತವನ್ನು ಇತಿಹಾಸಕಾರನಾದ ಥೂಸಿಡಿಡೀಸನು ಬರೆದಿಟ್ಟಿದ್ದಾನೆ.

ಮಾತನಾಡಲು ಕಲಿಯುವ ವಿದ್ಯಾರ್ಥಿಗಳಿಗೆ ಇದರಲ್ಲಿ ಪಾಠವಿದೆ. ಚರ್ಚೆಯ ಪ್ರಶ್ನೆ ಯಾವುದೆಂಬುದನ್ನು ಮೊದಲು ಒಂದು ವಾಕ್ಯದಲ್ಲಿ ನಿರ್ಧರಿಸಿಕೊಳ್ಳಬೇಕು. ಎದುರಾಳಿಯ ಮಾತನ್ನು ಅವನೇ ಒಪ್ಪುವಂತೆ ನಿರೂಪಿಸಬೇಕು. ಹತ್ತು ದುರ್ಬಲ ಕಾರಣಗಳಿಗಿಂತ ನಿದರ್ಶನಸಹಿತವಾದ ಎರಡು ಬಲವಾದ ಕಾರಣಗಳು ಮೇಲು. ಕೇಳುವವರು ಯಾವುದನ್ನು ಮುಖ್ಯವೆಂದು ಎಣಿಸುವರೋ ಅಲ್ಲಿಂದ ಮಾತು ಹೊರಡಬೇಕು.

ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಅಥೆನ್ಸಿನ ಸಭೆಯು ತಾನು ಈಗಾಗಲೇ ಮಾಡಿದ ನಿರ್ಣಯಕ್ಕೆ ವಿರುದ್ಧವಾದ ಮಾತನ್ನು ಕೇಳಲು ಒಪ್ಪಿದುದರಿಂದಲೇ ಎರಡನೆಯ ಹಡಗು ಹೊರಟಿತು. ಚೆನ್ನಾಗಿ ಮಾತನಾಡುವವರಷ್ಟೇ ತಾಳ್ಮೆಯಿಂದ ಕೇಳುವವರೂ ಇರುವ ಸಭೆಯೇ ನಿಜವಾದ ಸಭೆ.