ಟ್ರಾನ್ಸ್‌ಫಾರ್ಮರಿಗೆ ಸಸ್ಯಜನ್ಯ ಎಣ್ಣೆ



ನಮ್ಮ ಸಂಘದ ಸಂಸ್ಕರಣಾ ಘಟಕದ ಟ್ರಾನ್ಸ್‌ಫಾರ್ಮರನ್ನು ಬದಲಾಯಿಸುವ ಪ್ರಸ್ತಾವ ಆಡಳಿತ ಮಂಡಳಿಯ ಮುಂದಿದೆ. ಹೊಸದಕ್ಕೆ ಎಂದಿನ ಪೆಟ್ರೋಲಿಯಂ ಮೂಲದ ಖನಿಜ ಎಣ್ಣೆಯೋ, ಈಚೆಗೆ ಬಳಕೆಗೆ ಬಂದಿರುವ ಸಸ್ಯಜನ್ಯ ಎಣ್ಣೆಯೋ ಎಂಬ ಪ್ರಶ್ನೆ ಎದ್ದಿದೆ. ಒಬ್ಬ ಸದಸ್ಯರಂತೂ "ನಮ್ಮ ತೆಂಗಿನೆಣ್ಣೆಯನ್ನೇ ಸುರಿದರಾಗದೆ?" ಎಂದು ಕೇಳಿದರು. ಅದು ನಕ್ಕು ಬಿಡುವ ಪ್ರಶ್ನೆಯಲ್ಲ. ಹಣ ಎಲ್ಲರದೂ ಆದುದರಿಂದ ವಿಷಯವನ್ನು ಎಲ್ಲರೂ ತಿಳಿದೇ ತೀರ್ಮಾನಿಸುವುದು ಒಳ್ಳೆಯದು.

ಟಿ.ಸಿ.ಯೊಳಗೆ ತಾಮ್ರದ ಅಥವಾ ಅಲ್ಯೂಮಿನಿಯಂ ತಂತಿಯ ಸುರುಳಿಗಳಿಗೆ ಕಾಗದ ಸುತ್ತಿ, ಅವನ್ನು ಎಣ್ಣೆಯಲ್ಲಿ ಮುಳುಗಿಸಿರುತ್ತಾರೆ. ಎಣ್ಣೆಗೆ ಎರಡು ಕೆಲಸ. ವಿದ್ಯುತ್ತು ಅಡ್ಡಹಾಯದಂತೆ ತಡೆಯುವುದು ಒಂದು, ಸುರುಳಿಯ ಕಾವನ್ನು ಹೊತ್ತು ತಂದು ಹೊರಗಿನ ತಗಡಿಗೆ ಬಿಡುವುದು ಇನ್ನೊಂದು. ಎಣ್ಣೆಗೆ ನೀರಿನ ಅಂಶ ಸೇರಿದರೆ ಮೊದಲನೆಯ ಕೆಲಸ ಕೆಡುತ್ತದೆ. ಆದುದರಿಂದಲೇ ಉಸಿರಾಡುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹರಳು ಇಡುವುದು. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ಕುಡಿದು ತುಂಬಿದೆ ಎಂದು ಅರ್ಥ. ನಮ್ಮ ಮಳೆಗಾಲದಲ್ಲಿ ಅದು ಎಷ್ಟು ಬೇಗ ತಿರುಗುತ್ತದೆಂಬುದನ್ನು ಹೇಳಬೇಕಾಗಿಲ್ಲ.

ಸಸ್ಯದ ಎಣ್ಣೆಯ ಯೋಚನೆ ಹೊಸದೇನಲ್ಲ. 19ನೇ ಶತಮಾನದ ಕೊನೆಯಲ್ಲೇ ಪ್ರಯತ್ನಗಳಾಗಿದ್ದವು. ಗಾಳಿ ತಾಗಿ ಎಣ್ಣೆ ಕೆಡುತ್ತಿದ್ದುದರಿಂದಲೂ, ಖನಿಜ ಎಣ್ಣೆ ಅಗ್ಗವಾಗಿ ದೊರೆತುದರಿಂದಲೂ ಅದು ಹಿಂದೆ ಬಿತ್ತು. ಖನಿಜ ಎಣ್ಣೆಗೆ ಬೆಂಕಿಯ ಭಯವಿದೆಯೆಂದು 1930ರ ದಶಕದಿಂದ ಪಿ.ಸಿ.ಬಿ. ಎಂಬ, ಹೊತ್ತಿಕೊಳ್ಳದ ರಾಸಾಯನಿಕ ದ್ರವವನ್ನು ಹಲವೆಡೆ ತುಂಬಿದರು. ಅದು ವಿಷವೆಂಬುದು ತಡವಾಗಿ ಗೊತ್ತಾಯಿತು. 1968ರಲ್ಲಿ ಜಪಾನಿನಲ್ಲಿ ಕಾರ್ಖಾನೆಯ ಕೊಳವೆಯಿಂದ ಸೋರಿದ ಪಿ.ಸಿ.ಬಿ. ಅಕ್ಕಿ ತೌಡಿನ ಎಣ್ಣೆಗೆ ಬೆರೆತು, ಅದನ್ನು ಉಂಡ ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಅಮೆರಿಕ 1979ರಲ್ಲಿ ಅದರ ತಯಾರಿಕೆಯನ್ನು ನಿಷೇಧಿಸಿತು. ಹಳೆಯ ಟಿ.ಸಿ. ಎಣ್ಣೆಯನ್ನು ಕೀಲುನೋವಿಗೆ ತಿಕ್ಕುವವರು, ಗೆದ್ದಲು ಬಾರದಿರಲೆಂದು ಮರಕ್ಕೆ ಬಳಿಯುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಯಾವ ಕಾಲದ ಎಣ್ಣೆಯೋ, ಅದರಲ್ಲಿ ಏನು ಬೆರೆತಿದೆಯೋ ಯಾರಿಗೂ ತಿಳಿಯದು. ದಯವಿಟ್ಟು ಮುಟ್ಟಬೇಡಿ.

1990ರ ದಶಕದಲ್ಲಿ ಅಮೆರಿಕದಲ್ಲಿ ಸೋಯಾ ಮತ್ತು ಸೂರ್ಯಕಾಂತಿ ಎಣ್ಣೆಗಳನ್ನು ಶುದ್ಧಿಮಾಡಿ, ಕೆಡದಂತೆ ತಡೆಯುವ ಪದಾರ್ಥ ಸೇರಿಸಿ, ಟ್ರಾನ್ಸ್‌ಫಾರ್ಮರಿಗೆ ಒಗ್ಗಿಸಿದರು. ಇವಕ್ಕೆ ನೈಸರ್ಗಿಕ ಎಸ್ಟರ್ ಎಂದು ಹೆಸರು. 2013ರಲ್ಲಿ ಅಂತರರಾಷ್ಟ್ರೀಯ ಮಾನಕವೂ, 2017ರಲ್ಲಿ ಐ.ಎಸ್. 16659 ಎಂಬ ಭಾರತೀಯ ಮಾನಕವೂ ಬಂದವು.

ಇದರ ದೊಡ್ಡ ಗುಣವೆಂದರೆ ಬೆಂಕಿಯ ವಿಷಯದ್ದು. ಖನಿಜ ಎಣ್ಣೆ ಸುಮಾರು 160–170 ಡಿಗ್ರಿ ಸೆಲ್ಸಿಯಸ್ಸಿಗೆ ಹೊತ್ತಿ ಉರಿಯತೊಡಗಿದರೆ, ಎಸ್ಟರ್ 300 ಡಿಗ್ರಿಯನ್ನು ದಾಟಬೇಕು. ಗೋಣಿಚೀಲ, ಕಾಫಿ ಹೊಟ್ಟು, ಒಣಗಿದ ಸಿಪ್ಪೆಗೋಟು ರಾಶಿಬಿದ್ದಿರುವ ನಮ್ಮ ಅಂಗಳದ ಪಕ್ಕಕ್ಕೆ, ಫೆಬ್ರವರಿ-ಮಾರ್ಚಿನಲ್ಲಿ ಬೆಂಕಿಪೆಟ್ಟಿಗೆಯಂತಾಗುವ ದರಗಿನ ನಡುವೆ, ಈ ಅಂತರ ಸಣ್ಣದಲ್ಲ.

ಎರಡನೆಯ ಗುಣ ನೀರಿನದು. ಸಾಮಾನ್ಯ ಉಷ್ಣಾಂಶದಲ್ಲಿ ಒಂದು ಕಿಲೋ ಖನಿಜ ಎಣ್ಣೆ 55–60 ಮಿಲಿಗ್ರಾಂ ನೀರನ್ನಷ್ಟೇ ಕರಗಿಸಿಕೊಳ್ಳಬಲ್ಲದು. ಎಸ್ಟರ್ ಸುಮಾರು 1000 ಮಿಲಿಗ್ರಾಂ. ಸುರುಳಿಯ ಕಾಗದದಲ್ಲಿನ ತೇವವನ್ನು ಎಸ್ಟರ್ ತನ್ನತ್ತ ಎಳೆದುಕೊಳ್ಳುತ್ತದೆ. ಎಣ್ಣೆಯನ್ನು ಬದಲಾಯಿಸಬಹುದು, ಕಾಗದವನ್ನು ಹಾಗೆ ಬದಲಾಯಿಸಲಾಗದು. ಟ್ರಾನ್ಸ್‌ಫಾರ್ಮರಿನ ಆಯುಸ್ಸೆಂದರೆ ಕಾಗದದ ಆಯುಸ್ಸೇ.

ಸೋರಿದ ಎಸ್ಟರಿನ ಬಹುಪಾಲನ್ನು ಸೂಕ್ಷ್ಮಜೀವಿಗಳು 28 ದಿನಗಳ ಪರೀಕ್ಷೆಯಲ್ಲಿ ತಿಂದು ಮುಗಿಸುತ್ತವೆ. ಹಾಗೆಂದು ಕೆರೆಗೆ ಬಿಡಬಹುದೆಂದಲ್ಲ; ಯಾವ ಎಣ್ಣೆಯಾದರೂ ನೀರಿನ ಮೇಲೆ ಪೊರೆ ಕಟ್ಟಿದರೆ ಮೀನಿಗೆ ಉಸಿರಿಲ್ಲ.

ಇನ್ನು ತೆಂಗಿನೆಣ್ಣೆಯ ಪ್ರಶ್ನೆ. ಅಡಿಗೆಮನೆಯ ಗೂಡಿನಲ್ಲಿಟ್ಟ ಎಣ್ಣೆಗಿಂಡಿಯ ಹೊರಮೈ ಕ್ರಮೇಣ ಅಂಟಂಟಾಗುವುದನ್ನು ನೋಡಿದ್ದೀರಿ. ಸೋಯಾ, ಸೂರ್ಯಕಾಂತಿಗಳಿಗೆ ಈ ಸ್ವಭಾವ ಹೆಚ್ಚು, ತೆಂಗಿಗೆ ಕಡಿಮೆ. ಆ ಮಟ್ಟಿಗೆ ನಮ್ಮ ಸದಸ್ಯರ ಊಹೆ ಸರಿಯೇ. ಶ್ರೀಲಂಕಾದಲ್ಲಿ ತೆಂಗಿನೆಣ್ಣೆಯನ್ನೂ, ನಮ್ಮ ದೇಶದಲ್ಲಿ ಹೊಂಗೆ ಎಣ್ಣೆಯನ್ನೂ ಈ ಉದ್ದೇಶಕ್ಕಾಗಿ ಸಂಶೋಧಕರು ಪರೀಕ್ಷಿಸಿದ್ದಾರೆ. ಆದರೆ ತೆಂಗಿನೆಣ್ಣೆ ಸುಮಾರು 24 ಡಿಗ್ರಿಗೇ ಗಟ್ಟಿಯಾಗುತ್ತದೆ. ಜನವರಿಯ ಬೆಳಗ್ಗೆ ಸೀಸೆಯಲ್ಲಿ ಹೆಪ್ಪುಗಟ್ಟುವ ಎಣ್ಣೆ ಸುರುಳಿಯ ಕಾವನ್ನು ಹೊತ್ತು ಹರಿಯುವುದೆಂತು? ಮೇಲಾಗಿ ಗಾಣದಿಂದ ಬಂದ ಎಣ್ಣೆಯಲ್ಲಿ ನೀರು, ಆಮ್ಲ, ಕಸರು ಇದ್ದೇ ಇರುತ್ತದೆ. ಅಂಗಡಿಯ ಎಣ್ಣೆಯನ್ನು ಟಿ.ಸಿ.ಗೆ ಸುರಿಯುವುದೂ, ಟಿ.ಸಿ.ಯ ಎಸ್ಟರನ್ನು ಒಗ್ಗರಣೆಗೆ ಬಳಸುವುದೂ ಎರಡೂ ಅಪಾಯ.

ಎಸ್ಟರಿಗೂ ದೋಷಗಳಿವೆ. ಬೆಲೆ ಹೆಚ್ಚು. ಖನಿಜ ಎಣ್ಣೆಗಿಂತ ಮಂದ. 40 ಡಿಗ್ರಿಯಲ್ಲಿ ಸುಮಾರು ಮೂರು ಪಟ್ಟು ಮಂದವೆನ್ನಬಹುದು. ಆದುದರಿಂದ ತಣಿಸುವ ರೆಕ್ಕೆಗಳನ್ನು ಅದಕ್ಕೆ ತಕ್ಕಂತೆ ರಚಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಹೊರಗಿನ ಗಾಳಿ ಆಡದಂತೆ ಟ್ಯಾಂಕು ಮುಚ್ಚಿಕೊಂಡಿರಬೇಕು. ಬಯಲಿಗೆ ಉಸಿರಾಡುವ ನಮ್ಮ ಹಳೆಯ ಟ್ರಾನ್ಸ್‌ಫಾರ್ಮರಿಗೆ ಎಣ್ಣೆಯನ್ನಷ್ಟೇ ಬದಲಾಯಿಸೋಣವೆಂಬ ಸಲಹೆಯನ್ನು ನಾನು ಒಪ್ಪಲಾರೆ. ತೆಗೆದುಕೊಳ್ಳುವುದಾದರೆ ಎಸ್ಟರಿಗೆಂದೇ ತಯಾರಾದ, ಸೀಲು ಮಾಡಿದ ಹೊಸದನ್ನು ತೆಗೆದುಕೊಳ್ಳಬೇಕು. ನನ್ನ ಒಲವು ಅತ್ತ ಇದೆ.

ತೋಟದ ಮೂಲೆಯ ಕಂಬದ ಟಿ.ಸಿ.ಗಳು ವಿದ್ಯುತ್ ಕಂಪನಿಯವು. ಅಲ್ಲಿ ಎಣ್ಣೆಯ ಆಯ್ಕೆ ನಮ್ಮದಲ್ಲ. ಆದರೆ ಕಾಫಿ ಹೂವಿಗೆ ನೀರು ಕೊಡುವ ದಿನಗಳಲ್ಲಿ ಎಲ್ಲರೂ ಒಮ್ಮೆಲೇ ಸ್ಪ್ರಿಂಕ್ಲರ್ ಪಂಪು ಹಾಕಿ, ಮೇಲಿಂದ ಲೆಕ್ಕಕ್ಕಿಲ್ಲದ ಮೋಟರನ್ನೂ ಜೋಡಿಸಿದರೆ, ಯಾವ ಎಣ್ಣೆಯೂ ಸುರುಳಿಯನ್ನು ಉಳಿಸಲಾರದು.

ದರಪಟ್ಟಿ ಕೇಳುವಾಗ ಐ.ಎಸ್. 16659ರ ಪ್ರಕಾರದ ಪರೀಕ್ಷಾ ವರದಿ, ಟ್ಯಾಂಕು ಸೀಲು ಮಾಡಿದ್ದೆಂಬ ಲಿಖಿತ ಭರವಸೆ, ಮೇಲೆ ಸುರಿಯಬೇಕಾದ ಎಣ್ಣೆ ಎಲ್ಲಿ ದೊರೆಯುವುದೆಂಬ ವಿವರ, ಇಷ್ಟನ್ನೂ ಕೇಳಲಾಗುವುದು. ಸಂದೇಹ ಬಂದರೆ ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಲ್ಲಿ ಎಣ್ಣೆಯನ್ನು ಪರೀಕ್ಷೆ ಮಾಡಿಸಬಹುದು. ಎರಡೂ ಬಗೆಯ ದರಪಟ್ಟಿಗಳನ್ನು ಮುಂದಿನ ಸಭೆಯ ಮುಂದೆ ಇಡುತ್ತೇನೆ.

— ಕಾರ್ಯದರ್ಶಿ