ಕಾರಿನ ದೀಪಕ್ಕೆ ಒಂದೇ ತಂತಿ ಸಾಕೆ?

ಮಕ್ಕಳೇ, ಟಾರ್ಚಿನ ಬಲ್ಬನ್ನು ಬೆಳಗಿಸಲು ಎಷ್ಟು ತಂತಿ ಬೇಕು? ಎರಡು ಎಂದು ನೀವು ಥಟ್ಟನೆ ಹೇಳುತ್ತೀರಿ. ಕೋಶದ ಧನ ಧ್ರುವದಿಂದ ಹೊರಟ ವಿದ್ಯುತ್ ಪ್ರವಾಹವು ಬಲ್ಬಿನ ಮೂಲಕ ಹಾದು ಋಣ ಧ್ರುವಕ್ಕೆ ಮರಳಬೇಕು. ಹೋಗುವ ದಾರಿಯೂ ಬೇಕು, ಬರುವ ದಾರಿಯೂ ಬೇಕು. ಆಗಲೇ ವಿದ್ಯುತ್ ಮಂಡಲ ಪೂರ್ಣವಾಗುತ್ತದೆ.

ಈಗ ಒಂದು ಹಳೆಯ ಕಾರನ್ನು ನೋಡೋಣ. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೆ ತಯಾರಾಗುತ್ತಿದ್ದ ಅಂಬಾಸಿಡರ್ ಕಾರು ನಿಮಗೆ ಗೊತ್ತಿರಬಹುದು. ಇಂತಹ ಕಾರುಗಳಲ್ಲಿ ಬ್ಯಾಟರಿಯ ಧನ ಧ್ರುವದಿಂದ ಫ್ಯೂಸು, ಸ್ವಿಚ್ಚುಗಳನ್ನು ದಾಟಿ ದೀಪಕ್ಕೆ ತಂತಿ ಬರುತ್ತದೆ. ಆದರೆ ಮರಳಿ ಹೋಗಲು ಬ್ಯಾಟರಿಯವರೆಗೆ ಇನ್ನೊಂದು ತಂತಿ ಇಲ್ಲ! ಹಾಗಾದರೆ ಮರಳುವ ದಾರಿ ಯಾವುದು? ಕಾರಿನ ಉಕ್ಕಿನ ಬಾಡಿಯೇ ಆ ದಾರಿ. ದೀಪದ ಇನ್ನೊಂದು ತುದಿಯನ್ನು ಹತ್ತಿರದ ಬಾಡಿಗೆ ಜೋಡಿಸಿರುತ್ತಾರೆ. ಬ್ಯಾಟರಿಯ ಋಣ ಧ್ರುವವನ್ನೂ ದಪ್ಪ ತಂತಿಯಿಂದ ಬಾಡಿಗೆ ಬಿಗಿದಿರುತ್ತಾರೆ. ಇದರಿಂದ ಎಷ್ಟೋ ತಂತಿ ಉಳಿಯುತ್ತದೆ. ಈ ಜೋಡಣೆಯನ್ನು ಮೆಕ್ಯಾನಿಕ್‌ಗಳು 'ಅರ್ತ್' ಎನ್ನುತ್ತಾರೆ.

ಎರಡು ಬಗೆಯ ಅರ್ತ್

ಮನೆಯ ಅರ್ತಿಂಗ್ ನೀವು ಬಲ್ಲಿರಿ. ನೆಲದಲ್ಲಿ ಗುಂಡಿ ತೋಡಿ, ಉಪ್ಪು, ಇದ್ದಿಲು ಹಾಕಿ, ಲೋಹದ ಕೊಳವೆ ಅಥವಾ ತಟ್ಟೆ ಹೂಳುತ್ತಾರೆ. ಅದು ನಮ್ಮನ್ನು ವಿದ್ಯುತ್ ಆಘಾತದಿಂದ ಕಾಪಾಡಲು. ಕಾರು ರಬ್ಬರಿನ ಚಕ್ರಗಳ ಮೇಲೆ ನಿಂತಿದೆ, ನೆಲಕ್ಕೂ ಅದರ ಅರ್ತ್‌ಗೂ ಸಂಬಂಧವಿಲ್ಲ. ಕಾರಿನ ಅರ್ತ್ ಎಂದರೆ ಪ್ರವಾಹವು ಬ್ಯಾಟರಿಗೆ ಮರಳುವ ದಾರಿ, ಅಷ್ಟೆ.

ಮಾಡಿ ನೋಡಿ

ಎರಡು ಟಾರ್ಚ್ ಸೆಲ್ಲು, ಒಂದು ಟಾರ್ಚ್ ಬಲ್ಬು, ಮೂರು ತಂತಿ ತುಂಡು, ಬಣ್ಣ ಬಳಿದ ತಗಡಿನ ಡಬ್ಬಿಯ ಮುಚ್ಚಳ ತೆಗೆದುಕೊಳ್ಳಿ. ಮುಚ್ಚಳದ ಒಂದು ಅಂಚನ್ನು ಉಪ್ಪುಕಾಗದದಿಂದ ಹೊಳೆಯುವಂತೆ ಉಜ್ಜಿ. ಸೆಲ್ಲುಗಳನ್ನು ಸಾಲಾಗಿ ಜೋಡಿಸಿ, ಋಣ ಧ್ರುವದ ತಂತಿಯನ್ನು ಆ ಅಂಚಿಗೆ ಬಿಗಿಯಿರಿ. ಧನ ಧ್ರುವದ ತಂತಿಯನ್ನು ಬಲ್ಬಿಗೆ ಜೋಡಿಸಿ. ಬಲ್ಬಿನ ಇನ್ನೊಂದು ತಂತಿಯನ್ನು ಮುಚ್ಚಳದ ಬಣ್ಣದ ಭಾಗಕ್ಕೆ ಮುಟ್ಟಿಸಿ. ಬಲ್ಬು ಬೆಳಗಿತೆ? ಈಗ ಆ ಜಾಗವನ್ನೂ ಉಜ್ಜಿ ಮುಟ್ಟಿಸಿ. ಬಲ್ಬು ಬೆಳಗುತ್ತದೆ. ಬಣ್ಣದಂತೆಯೇ ತುಕ್ಕು ಕೂಡ ಪ್ರವಾಹವನ್ನು ತಡೆಯುತ್ತದೆ.

ಕಾರಿಗೆ ವಯಸ್ಸಾದಾಗ

ವರ್ಷಗಳು ಕಳೆದಂತೆ ಮಳೆ, ಕೆಸರು, ಕರಾವಳಿಯ ಉಪ್ಪುಗಾಳಿಗಳಿಂದ ಬಾಡಿಯ ಜೋಡಣೆಗಳಿಗೆ ತುಕ್ಕು ಹಿಡಿಯುತ್ತದೆ. ಬೋಲ್ಟುಗಳು ಸಡಿಲವಾಗುತ್ತವೆ. ಆಗ ದೀಪ ಮಂಕಾಗುತ್ತದೆ, ಹಾರನ್ನಿನ ಸದ್ದು ಕುಗ್ಗುತ್ತದೆ. ಕೆಲವೊಮ್ಮೆ ಬ್ರೇಕ್ ತುಳಿದರೆ ಇಂಡಿಕೇಟರ್ ದೀಪ ಮಂದವಾಗಿ ಉರಿಯುತ್ತದೆ! ಹಿಂದಿನ ದೀಪಗಳ ಅರ್ತ್ ಕಡಿದಾಗ ಬ್ರೇಕ್ ದೀಪದ ಪ್ರವಾಹಕ್ಕೆ ನೇರ ದಾರಿ ಇರುವುದಿಲ್ಲ. ಅದು ಪಕ್ಕದ ದೀಪಗಳ ಮೂಲಕ ಸುತ್ತಿಕೊಂಡು ಹೋಗುತ್ತದೆ. ಹಿಂದೆ ಬರುವ ಲಾರಿಯ ಚಾಲಕನಿಗೆ ಕಾರು ನಿಲ್ಲುತ್ತಿದೆಯೋ ತಿರುಗುತ್ತಿದೆಯೋ ತಿಳಿಯುವುದಿಲ್ಲ. ಕತ್ತಲಲ್ಲಿ ಇದು ಪ್ರಾಣಾಪಾಯಕ್ಕೂ ಕಾರಣವಾಗಬಹುದು.

ಎಂಜಿನ್ನಿನ ವಿಷಯ ಇನ್ನೂ ಸ್ವಾರಸ್ಯ. ಅದು ಕೂತಿರುವುದು ರಬ್ಬರ್ ಗದ್ದಿಗೆಗಳ ಮೇಲೆ. ರಬ್ಬರ್ ಅವಾಹಕ. ಆದ್ದರಿಂದ ಎಂಜಿನ್ನಿಗೂ ಬಾಡಿಗೂ ನಡುವೆ ಹೆಣೆದ ತಾಮ್ರದ ಪಟ್ಟಿಯನ್ನೋ ದಪ್ಪ ತಂತಿಯನ್ನೋ ಬಿಗಿದಿರುತ್ತಾರೆ. ಅದು ಕಡಿದರೆ ಸ್ಟಾರ್ಟರ್ ಮೋಟಾರಿನ ನೂರಕ್ಕೂ ಹೆಚ್ಚು ಆಂಪಿಯರ್ ಪ್ರವಾಹ ಬೇರೆ ದಾರಿ ಹುಡುಕುತ್ತದೆ. ಸಣಕಲು ಆಕ್ಸಿಲರೇಟರ್ ಕೇಬಲ್ಲಿನಲ್ಲೇ ನುಗ್ಗಿ ಅದನ್ನು ಸುಡುವಷ್ಟು ಬಿಸಿ ಮಾಡಬಹುದು!

ದೋಷ ಪತ್ತೆ ಹೇಗೆ?

ದೀಪ ಮಂಕಾದೊಡನೆ ಅನೇಕರು ಬ್ಯಾಟರಿ ಹೋಯಿತೆಂದು ಹೊಸದನ್ನು ಕೊಳ್ಳುತ್ತಾರೆ. ಹಣ ಖರ್ಚಾಗುತ್ತದೆ, ದೀಪ ಮಾತ್ರ ಮಂಕಾಗಿಯೇ ಇರುತ್ತದೆ. ಜಾಣ ಮೆಕ್ಯಾನಿಕ್ ಮೊದಲು ಅಳೆದು ನೋಡುತ್ತಾನೆ. ಎಂಜಿನ್ ನಿಂತಿರುವಾಗ ಪೂರ್ಣ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4 ವೋಲ್ಟ್ ಇರಬೇಕು. ಎರಡೂ ಸರಿಯಿದ್ದರೆ ದೋಷ ದಾರಿಯಲ್ಲಿದೆ.

ನಂತರ ಆತ ಮುಂದಿನ ದೀಪಗಳನ್ನು ಹಾಕಿ, ವೋಲ್ಟ್ ಮಾಪಕದ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ಧ್ರುವಕ್ಕೂ ಇನ್ನೊಂದನ್ನು ದೀಪದ ಅರ್ತ್ ತುದಿಗೂ ಮುಟ್ಟಿಸುತ್ತಾನೆ. ಮಾಪಕ ಸೊನ್ನೆಯ ಹತ್ತಿರವೇ ಇರಬೇಕು. 0.2 ವೋಲ್ಟಿಗಿಂತ ಹೆಚ್ಚಾದರೆ ಆ ಜೋಡಣೆಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು.

ಇದಕ್ಕೆ ಕಾರಣ ಜರ್ಮನಿಯ ಶಾಲಾ ಶಿಕ್ಷಕ ಓಮ್ 1827ರಲ್ಲಿ ಪ್ರಕಟಿಸಿದ ನಿಯಮದಲ್ಲಿದೆ. ಪ್ರವಾಹವನ್ನು ರೋಧದಿಂದ ಗುಣಿಸಿದರೆ ಆ ಜಾಗದಲ್ಲಿ ಕಳೆದುಹೋಗುವ ವೋಲ್ಟ್ ಸಿಗುತ್ತದೆ. 55 ವ್ಯಾಟ್‌ನ ಎರಡು ದೀಪಗಳಿಗೆ ಸುಮಾರು 9 ಆಂಪಿಯರ್ ಬೇಕು. ತುಕ್ಕಿನ ರೋಧ ಬರೀ 0.2 ಓಮ್ ಇದ್ದರೂ 9 × 0.2 = 1.8 ವೋಲ್ಟ್ ಅಲ್ಲೇ ವ್ಯರ್ಥ!

ದೀಪ ಆರಿಸಿ ಅಳೆದರೆ ಈ ದೋಷ ಕಾಣುವುದೇ ಇಲ್ಲ. ಶಾಲೆಯ ಗೇಟು ಅರ್ಧ ಮುಚ್ಚಿದ್ದರೂ ಪಾಠದ ಹೊತ್ತಿನಲ್ಲಿ ಯಾರಿಗೂ ತೊಂದರೆಯಿಲ್ಲ. ಸಂಜೆ ಗಂಟೆ ಬಾರಿಸಿ ಎಲ್ಲರೂ ಒಟ್ಟಿಗೆ ಹೊರಟಾಗಲೇ ನೂಕುನುಗ್ಗಲು. ಪ್ರವಾಹ ಹರಿಯುತ್ತಿರುವಾಗಲೇ ಅಳೆಯಬೇಕು ಎನ್ನುವುದು ಇದಕ್ಕೇ.

ದುರಸ್ತಿ ಸುಲಭ. ಮೊದಲು ಬ್ಯಾಟರಿಯ ಋಣ ಧ್ರುವದ ತಂತಿ ಬಿಚ್ಚಬೇಕು. ಜೋಡಣೆಯನ್ನು ಲೋಹ ಹೊಳೆಯುವವರೆಗೆ ಉಜ್ಜಿ, ಬೋಲ್ಟ್ ಬಿಗಿದು, ನೀರು ತಾಗದಂತೆ ಮೇಲೆ ಗ್ರೀಸ್ ಸವರಬೇಕು. ಋಣ ಧ್ರುವದ ತಂತಿಯನ್ನು ಕೊನೆಗೆ ಜೋಡಿಸಬೇಕು.

ಎಚ್ಚರಿಕೆ: ಮೇಲಿನ ಪ್ರಯೋಗವನ್ನು ಟಾರ್ಚ್ ಸೆಲ್ಲಿನಿಂದ ಮಾತ್ರ ಮಾಡಿ. ಕಾರಿನ ಬ್ಯಾಟರಿಯಲ್ಲಿ ಆಮ್ಲವಿದೆ, ಕಿಡಿ ಹಾರಬಹುದು. ಅದನ್ನೂ ಮನೆಯ ವಿದ್ಯುತ್ತನ್ನೂ ಮುಟ್ಟಬೇಡಿ.

ಯೋಚಿಸಿ ಉತ್ತರಿಸಿ
1. ಋಣ ಧ್ರುವದ ತಂತಿಯನ್ನೇ ಮೊದಲು ಬಿಚ್ಚುವುದೇಕೆ? (ಸುಳಿವು: ಧನ ಧ್ರುವ ಬಿಚ್ಚುವ ಸ್ಪ್ಯಾನರ್ ಬಾಡಿಗೆ ತಾಗಿದರೆ?)
2. 150 ಆಂಪಿಯರ್ ಹರಿಯುವ ದಾರಿಯಲ್ಲಿ 0.01 ಓಮ್ ರೋಧವಿದ್ದರೆ ಎಷ್ಟು ವೋಲ್ಟ್ ವ್ಯರ್ಥವಾಗುತ್ತದೆ?
3. ನಿಮ್ಮ ಸೈಕಲ್ಲಿಗೆ ಡೈನಮೊ ದೀಪವಿದ್ದರೆ ಅದಕ್ಕೆ ಎಷ್ಟು ತಂತಿ ಇದೆ? ಒಂದೇ ಇದ್ದರೆ ಮರಳುವ ದಾರಿ ಯಾವುದು?