ಕೊಲಂಬೈನ್ ಹೂವೂ ನಮ್ಮ ಕೆಮ್ಮಣ್ಣೂ

ಹೂವಿನ ಗಿಡ ಬೆಳೆಸುವುದು ಕೇವಲ ಕಾಲಹರಣವೆಂದು ಭಾವಿಸುವವರುಂಟು. ಆದರೆ ಒಂದು ಬೀಜವನ್ನು ಮೊಳೆಯಿಸಹೊರಟವನು ನೆಲ, ನೀರು, ಬಿಸಿಲುಗಳ ಗುಣವನ್ನು ತಾನೇ ಅರಿಯಬೇಕಾಗುತ್ತದೆ. ಈ ಪಾಠವನ್ನು ನನಗೆ ಕಲಿಸಿದುದು ಕೊಲಂಬೈನ್ ಎಂಬ ಶೀತದೇಶದ ಹೂವು.

1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿಯವರು ಕೋಲಾರದ ಚಿನ್ನದ ಗಣಿಯಲ್ಲಿ ಕೆಲಸವನ್ನಾರಂಭಿಸಿದ ತರುವಾಯ, ಆಂಗ್ಲ ಅಧಿಕಾರಿಗಳು ತಮ್ಮ ಬಂಗಲೆಗಳ ಸುತ್ತ ತಾಯ್ನಾಡಿನ ಹೂದೋಟಗಳನ್ನು ನಿರ್ಮಿಸಿಕೊಂಡರು. ಊರಿಗೆ 'ಪುಟ್ಟ ಇಂಗ್ಲೆಂಡ್' ಎಂಬ ಅಡ್ಡಹೆಸರೇ ಬಂದಿತು. ನಮ್ಮ ತಾತನವರು ಅಂಥದೊಂದು ಬಂಗಲೆಯಲ್ಲಿ ಮಾಲಿಯಾಗಿದ್ದರು. "ಎಲ್ಲಾ ಹೂವೂ ಬಂತಪ್ಪ, ಆ ಪಾರಿವಾಳದ ಹೂ ಒಂದು ಮಾತ್ರ ನನ್ನ ಕೈಗೆ ಬರಲಿಲ್ಲ" ಎಂದು ಅವರು ಕೊನೆಯವರೆಗೂ ಹೇಳುತ್ತಿದ್ದರು. ಗಣಿಯು 2001ರಲ್ಲಿ ಮುಚ್ಚಿತು, ತಾತನವರೂ ಈಗಿಲ್ಲ. ಅವರ ಕೊರಗನ್ನು ನೀಗಬೇಕೆಂಬ ಆಸೆಯಿಂದ ಬಂಗಾರಪೇಟೆಯ ನಮ್ಮ ಹಿತ್ತಲಲ್ಲಿ ನಾನು ಈ ಪ್ರಯೋಗಕ್ಕೆ ಕೈಹಾಕಿದೆನು.

ಕೊಲಂಬೈನಿನ ಶಾಸ್ತ್ರೀಯ ನಾಮ ಅಕ್ವಿಲೀಜಿಯ. ಇದರ ಐದು ದಳಗಳೂ ಹಿಂದಕ್ಕೆ ಚಾಚಿ ಕೊಳವೆಗಳಾಗಿರುತ್ತವೆ. ಕೊಳವೆಯ ತುದಿಯಲ್ಲಿ ಮಕರಂದವಿರುತ್ತದೆ. ಹೂವನ್ನು ತಲೆಕೆಳಗಾಗಿ ಹಿಡಿದರೆ ಐದು ಪಾರಿವಾಳಗಳು ಒಂದೆಡೆ ಕುಳಿತಂತೆ ತೋರುವುದರಿಂದ, ಪಾರಿವಾಳವೆಂಬ ಅರ್ಥದ ಲ್ಯಾಟಿನ್ ಪದದಿಂದ ಕೊಲಂಬೈನ್ ಎಂಬ ಹೆಸರು ಬಂದಿದೆ. ನಮ್ಮ ದೇಶದಲ್ಲಿ ಹಿಮಾಲಯದ ತಪ್ಪಲುಗಳಲ್ಲಿ ಇದರ ಕೆಲವು ಜಾತಿಗಳು ತಾವಾಗಿಯೇ ಬೆಳೆಯುತ್ತವೆ.

ಮೊದಲ ಸಲ ನಾನು ಯುಗಾದಿಯ ಸುಮಾರಿನಲ್ಲಿ, ಹುರುಳಿ ಬಿತ್ತುವಂತೆ, ಬೀಜಗಳನ್ನು ಒಂದು ಅಂಗುಲ ಆಳದಲ್ಲಿ ಹೂತೆನು. ಒಂದೂ ಮೊಳೆಯಲಿಲ್ಲ. ಕಾರಣಗಳು ಎರಡು. ಈ ಬೀಜಕ್ಕೆ ಚಳಿಗಾಲವೊಂದನ್ನು ಕಳೆದಮೇಲೆ ಎಚ್ಚರಗೊಳ್ಳುವ ಸ್ವಭಾವವಿದೆ. ಅಲ್ಲದೆ ಮೊಳೆಯಲು ಬೆಳಕೂ ಬೇಕು.

ಎರಡನೆಯ ಸಲ ಕ್ರಮವನ್ನು ಬದಲಿಸಿದೆನು. ಬೀಜಗಳನ್ನು ಒದ್ದೆ ಮರಳಿನೊಡನೆ ಬೆರೆಸಿ, ಡಬ್ಬಿಯಲ್ಲಿ ಹಾಕಿ, ನಾಲ್ಕು ವಾರ ಫ್ರಿಜ್ಜಿನಲ್ಲಿಟ್ಟೆನು. (ಬೀಜವು ವಿಷಯುಕ್ತವಾದುದರಿಂದ ಡಬ್ಬಿಯ ಮೇಲೆ ಹೆಸರು ಬರೆದು, ಮಕ್ಕಳ ಕೈಗೆ ಸಿಗದಂತೆ ಇಡತಕ್ಕದ್ದು.) ಅಕ್ಟೋಬರಿನಲ್ಲಿ ಕೆಮ್ಮಣ್ಣು ಎರಡು ಪಾಲು, ಎಲೆಗೊಬ್ಬರ ಒಂದು ಪಾಲು, ಮರಳು ಒಂದು ಪಾಲು ಸೇರಿಸಿ ಕುಂಡ ತುಂಬಿ, ಬೀಜಗಳನ್ನು ಮೇಲುಮಣ್ಣಿನ ಮೇಲೆಯೇ ಉದುರಿಸಿ ಮೆಲ್ಲಗೆ ಒತ್ತಿದೆನು. ನೆರಳಿನಲ್ಲಿಟ್ಟು ನೀರು ಚಿಮುಕಿಸುತ್ತಿದ್ದೆನು. ಮರಳಿಗಾಗಿ ಗಣಿಯ ಸಯನೈಡ್ ದಿಬ್ಬದ ಪುಡಿಯನ್ನು ಯಾರೂ ತರಬಾರದು. ಚಿನ್ನವನ್ನು ಬೇರ್ಪಡಿಸಿ ಉಳಿದ ಆ ಪುಡಿಯಲ್ಲಿ ಎಲೆಗೊಬ್ಬರದಂಥ ಸಾರವಿಲ್ಲ; ಅದರ ರಾಸಾಯನಿಕಗಳು ಬೇರಿಗೆ ಹಾನಿಕರ.

ಇಪ್ಪತ್ತು ಬೀಜಗಳಲ್ಲಿ ಆರು ಮೊಳೆತವು. ತಾಯಿಬೇರು ಆಳಕ್ಕಿಳಿಯುವ ಗಿಡವಾದುದರಿಂದ ನಾಲ್ಕೆಲೆ ಬಿಟ್ಟಾಗಲೇ ಬೇರೆ ಕುಂಡಗಳಿಗೆ ಕಿತ್ತು ನೆಟ್ಟೆನು. ಏಪ್ರಿಲ್ ಬಿಸಿಲಿಗೆ ನಾಲ್ಕು ಬಾಡಿದವು. ಉಳಿದ ಎರಡು ಹಸುರಾಗಿ ಬೆಳೆದವು. ಕೊಲಂಬೈನ್ ಸಾಮಾನ್ಯವಾಗಿ ಎರಡನೆಯ ವರ್ಷದಲ್ಲಿ, ಗಿಡವೇ ಒಂದು ಚಳಿಗಾಲವನ್ನು ಅನುಭವಿಸಿದ ಮೇಲೆ, ಹೂಬಿಡುತ್ತದೆ. ಬೀಜವನ್ನು ಫ್ರಿಜ್ಜಿನಲ್ಲಿಟ್ಟು ವಂಚಿಸಬಹುದು; ಹಿತ್ತಲಿಗೆ ಶೀತದೇಶದ ಚಳಿಯನ್ನು ತರುವುದೆಂತು? ಎರಡನೆಯ ವರ್ಷವೂ ಹೂವು ಬರಲಿಲ್ಲ. ತಾತನವರ ಕೈಯಲ್ಲಿ ದೋಷವಿರಲಿಲ್ಲವೆಂಬುದು ನನಗೆ ಆಗ ಮನದಟ್ಟಾಯಿತು.

ಅದೇ ಅಕ್ಟೋಬರಿನಲ್ಲಿ ಕೊಲಂಬೈನಿನ ಕುಟುಂಬಕ್ಕೇ ಸೇರಿದ ಲಾರ್ಕ್‌ಸ್ಪರ್ ಬೀಜವನ್ನೂ ಪಾತಿಯಲ್ಲಿ ಬಿತ್ತಿದ್ದೆನು. ಇದರ ಗುಣ ತದ್ವಿರುದ್ಧ: ಮೊಳೆಯಲು ಕತ್ತಲೆ ಬೇಕು. ಆದುದರಿಂದ ಕಾಲಂಗುಲ ಮಣ್ಣು ಮುಚ್ಚಬೇಕು. ಕಿತ್ತು ನೆಡದೆ ಬಿತ್ತಿದಲ್ಲಿಯೇ ಬಿಡಬೇಕು. ಬೇಸಗೆಗೆ ಮುಂಚೆಯೇ ಬಾಳನ್ನು ಮುಗಿಸುವ ಗಿಡವಾದುದರಿಂದ ಫೆಬ್ರವರಿಯಲ್ಲಿ ನೀಲಿ ಹೂಗಳಿಂದ ತುಂಬಿತು. ಹೂವಿಗೆ ಐದರ ಬದಲು ಒಂದೇ ಕೊಳವೆ.

ಮಿತ್ರರೇ, ಹೊರಗಿನ ಹೂವನ್ನು ಬೆಳೆಸಬಾರದೆಂದು ನನ್ನ ಅಭಿಪ್ರಾಯವಲ್ಲ. 1908ರಿಂದ 1932ರವರೆಗೆ ಲಾಲ್‌ಬಾಗನ್ನು ನೋಡಿಕೊಂಡ ಕ್ರುಂಬಿಗಲ್ ಅವರು ಹೊರದೇಶಗಳ ಅನೇಕ ಗಿಡಮರಗಳನ್ನು ನಮ್ಮ ನಾಡಿಗೆ ತಂದು ಬೆಳೆಸಿದರು. ಆದರೆ ನೆಲವನ್ನು ಕೇಳಿ ಬೀಜವನ್ನು ಆರಿಸಬೇಕು. ನಮ್ಮ ಹಿತ್ತಲಿನ ಕರ್ಣಕುಂಡಲದ ಹೂವನ್ನು ಒಮ್ಮೆ ತಿರುಗಿಸಿ ನೋಡಿರಿ: ಅದರ ಹಿಂಬದಿಯಲ್ಲಿಯೂ ಒಂದು ಸಣ್ಣ ಮಕರಂದದ ಕೊಳವೆಯಿದೆ. ಆ ಬೀಜಕ್ಕೆ ಹಿಮವೂ ಬೇಡ, ಫ್ರಿಜ್ಜೂ ಬೇಡ. ಒಂದು ಹದ ಮಳೆ ಸಾಕು.